ಭಾವನವರ ಪದಾರ್ಥ

ನಮ್ಮ ಭಾವನವರನ್ನು ಕಂಡಾಗ "ಹೇಗಿದ್ದೀರಿ?" ಎಂದು ಕೇಳುವವರು ಮೊದಲು ಕೂರಲು ಒಂದು ಜಾಗ ನೋಡಿಕೊಳ್ಳುವುದು ಒಳ್ಳೆಯದು. ಯಾಕೆಂದರೆ ಅವರು ಹೇಗಿದ್ದಾರೆಂದು ನಿಜವಾಗಿ ಹೇಳುತ್ತಾರೆ. ಎಡ ಮಂಡಿಯಿಂದ ಸುರುವಾಗಿ, ಹೊಟ್ಟೆ, ನಿದ್ದೆ, ಬೆಳಗಿನ ಜಾವ ಅರ್ಧಕ್ಕೆ ನಿಂತ ಕನಸು ಎಲ್ಲವನ್ನೂ ಸುತ್ತಿ "ಒಟ್ಟಿನಲ್ಲಿ ಸಾಧಾರಣ" ಎಂಬ ತೀರ್ಮಾನಕ್ಕೆ ಬರುವಷ್ಟರಲ್ಲಿ ಕೇಳಿದವರ ಒಂದೆರಡು ಲೋಕಲ್ ಗಾಡಿ ತಪ್ಪಿರುತ್ತದೆ. "ಚೆನ್ನಾಗಿದ್ದೇನೆ ಅಂದುಬಿಟ್ಟರೆ ಆಗುದಿಲ್ವಾ ಭಾವ?" ಎಂದು ನಾನೊಮ್ಮೆ ಕೇಳಿದ್ದೆ.

"ಚೆನ್ನಾಗಿಲ್ಲವಲ್ಲ" ಎಂದರು.

ಭಾವ ಎಂದರೆ ನನ್ನ ಅಕ್ಕನ ಗಂಡ. ಮುಂಬಯಿಯ ಒಂದು ಕಾಲೇಜಿನಲ್ಲಿ ಭಾಷಾವಿಜ್ಞಾನ ಕಲಿಸಿ ನಿವೃತ್ತರಾದವರು. ಚೆಂಬೂರಿನಲ್ಲಿ ಲಿಫ್ಟ್ ಇಲ್ಲದ ಹಳೆಯ ಬಿಲ್ಡಿಂಗಿನ ಮೂರನೆಯ ಮಾಳಿಗೆಯಲ್ಲಿ ಅವರ ಮನೆ. ನಾನಿರುವುದು ವಡಾಲದಲ್ಲಿ, ಹಾರ್ಬರ್ ರೈಲು ಲೈನಿನಲ್ಲಿ ಕೂಗಳತೆಯ ದೂರ. ಹಾಗಾಗಿ ಅವರ ಸಿದ್ಧಾಂತದ ಬಿಸಿ ಉಳಿದ ನೆಂಟರಿಗಿಂತ ನನಗೆ ಸ್ವಲ್ಪ ಹೆಚ್ಚೇ ತಾಗಿದೆ.

ಸಿದ್ಧಾಂತ ಬಹಳ ಸರಳ. ಪ್ರತಿಯೊಂದು ಶಬ್ದಕ್ಕೂ ಒಂದು ಅರ್ಥ ಇದೆ. ಯೋಚನೆ ಎಂಬುದು ಆ ಅರ್ಥಗಳನ್ನು ಒಂದರ ಮೇಲೊಂದು ಇಟ್ಟು ಕಟ್ಟುವ ಗೋಡೆ. "ಇಟ್ಟಿಗೆಯೇ ಸೊಟ್ಟ ಇದ್ದರೆ ಗೋಡೆ ನೆಟ್ಟಗೆ ನಿಲ್ತದಾ? ಬಾಯಲ್ಲಿ ಒಂದು ಹೇಳಿ ಮನಸ್ಸಲ್ಲಿ ಇನ್ನೊಂದು ಇಟ್ಟುಕೊಳ್ಳುವವರಿಗೆ, ಕಡೆಗೆ ತಾವು ಏನು ಯೋಚಿಸಿದ್ದು ಅಂತ ತಮಗೇ ಗೊತ್ತಿರುದಿಲ್ಲ." ಅರ್ಥ ಶಬ್ದದೊಳಗೆ ಕುಳಿತಿರುವುದಿಲ್ಲ, ಅದು ಜನರ ಬಳಕೆಯಲ್ಲಿದೆ, ಆಡುವವರ ಮತ್ತು ಕೇಳುವವರ ನಡುವೆ ಇದೆ ಎನ್ನುವ ಪಂಡಿತರೂ ಇದ್ದಾರಂತೆ. ಭಾವ ಆ ಪಂಡಿತರ ವಾದವನ್ನು ತರಗತಿಯಲ್ಲಿ ಬಹಳ ನಿಷ್ಠೆಯಿಂದ ಪಾಠ ಮಾಡಿ, ಮನೆಗೆ ಬಂದು ಕೈಕಾಲು ತೊಳೆದುಕೊಳ್ಳುತ್ತಿದ್ದರು.

ಅಕ್ಕನನ್ನು ನೋಡಲು ಬಂದ ದಿನವೇ ಗ್ರಹಚಾರ ಸುರುವಾಗಿತ್ತು. ಆಗ ಅಪ್ಪ ವಡಾಲದ ಒಂದು ಸಣ್ಣ ಹೋಟೆಲಿನ ಗಲ್ಲಾದಲ್ಲಿ ಕೂರುತ್ತಿದ್ದರು. ನಮ್ಮ ಬಳಗದಲ್ಲಿ ಹೋಟೆಲಿನ ಹೊರಗೆ ದುಡಿಯುವ ಗಂಡಸರು ಇದ್ದಾರೆಂಬುದೇ ಅಮ್ಮನಿಗೆ ಗೊತ್ತಿರಲಿಲ್ಲ. "ಎಂತ ಕೆಲಸ ಮಾಡುದು?" ಎಂದು ಅಮ್ಮ ಕೇಳಿದಳು. ಹುಡುಗ ವಿನಯದಿಂದ, "ಪದಾರ್ಥದ ವಿಷಯದಲ್ಲಿ ಕೆಲಸ ಮಾಡ್ತಾ ಇದ್ದೇನೆ" ಎಂದರು. ಪದದ ಅರ್ಥ ಎಂದು ಅವರ ಇಂಗಿತ. ನಮ್ಮ ಉಡುಪಿ ಕಡೆ ಪದಾರ್ಥ ಎಂದರೆ ಅನ್ನಕ್ಕೆ ಕಲಸಿಕೊಳ್ಳುವ ಹುಳಿಯೋ ಗಸಿಯೋ, ಬೇರೇನೂ ಅಲ್ಲ.

"ಯಾವ ಹೋಟೆಲಿನಲ್ಲಿ?" ಎಂದಳು ಅಮ್ಮ.

ಅವರು ಪದ ಎಂದರೇನು, ಅರ್ಥ ಎಂದರೇನು, ಎರಡೂ ಸೇರಿದಾಗ ಏನಾಗುತ್ತದೆ ಎಂಬುದನ್ನು ಕಾಫಿ ಆರುವವರೆಗೆ ವಿವರಿಸಿದರು. ಅಮ್ಮ ಒಳಗೆ ಬಂದು ಅಪ್ಪನ ಕಿವಿಯಲ್ಲಿ, "ಹುಡುಗ ಒಳ್ಳೆಯವನೇ. ಅಡಿಗೆಯವನು ಅಂತ ಹೇಳಿಕೊಳ್ಳಲು ನಾಚಿಕೆ, ಅಷ್ಟೆ" ಎಂದಳು. ಬಾಗಿಲ ಹಿಂದೆ ನಿಂತಿದ್ದ ಅಕ್ಕನಿಗೆ ನಗು ತಡೆಯಲಾಗಲಿಲ್ಲ. ಮದುವೆಗೆ ಒಪ್ಪಿದಳು. ಎಷ್ಟೋ ವರ್ಷಗಳ ಮೇಲೆ ನನ್ನ ಹತ್ತಿರ ಹೇಳಿದ್ದಳು, "ಸುಳ್ಳು ಹೇಳದ ಗಂಡ ಸಿಕ್ಕಿದ ಅಂತ ಖುಷಿಯಾಗಿತ್ತು ಮಾರಾಯ್ತಿ. ಯಾವಾಗಲೂ ನಿಜವನ್ನೇ ಹೇಳ್ತಾರೆ ಅಂತ ಆಮೇಲೆ ಗೊತ್ತಾದದ್ದು."

ಹೊಸ ಸಂಸಾರ ಹೂಡಿ ತಿಂಗಳಾಗಿರಬೇಕು. ಮನೆಯಲ್ಲಿ ಅಕ್ಕಿ ಮುಗಿಯಿತು. ಅಕ್ಕಿ ಇಲ್ಲ ಎಂದು ಮನೆಯ ಹೆಂಗಸು ಬಾಯಿ ಬಿಟ್ಟು ಅನ್ನಬಾರದು, 'ಅಕ್ಕಿ ಹೆಚ್ಚಿದೆ' ಎನ್ನಬೇಕು ಎಂದು ಅಮ್ಮ ಕಲಿಸಿ ಕಳಿಸಿದ್ದಳು. ಭಾವ ಕಾಲೇಜಿಗೆ ಹೊರಟಾಗ ಅಕ್ಕ ಬಾಗಿಲಲ್ಲಿ ನಿಂತು ಮೆಲ್ಲಗೆ, "ಅಕ್ಕಿ ಹೆಚ್ಚಿದೆ" ಎಂದಳು. ಭಾವನಿಗೆ ಸಂತೋಷವಾಯಿತು. "ಒಳ್ಳೆಯದಾಯ್ತು. ಕೆಳಗಿನ ಮನೆಯವರಿಗೆ ಸ್ವಲ್ಪ ಕೊಡು" ಎಂದು ಹೇಳಿ ಹೋದರು. ಸಂಜೆ ಇಬ್ಬರೂ ಸ್ಟೇಷನ್ನಿನ ಹೊರಗೆ ನಿಂತು ವಡಾಪಾವ್ ತಿಂದರು.

"ಮುಗಿದಿದೆ ಅನ್ನಲಿಕ್ಕೆ ಎಂತ ಕಷ್ಟ?" ಎಂದು ಭಾವ ಕೇಳಿದರಂತೆ.

"ಹಾಗಂದರೆ ಲಕ್ಷ್ಮಿಗೆ ಕೇಳ್ತದೆ."

"ಈಗ ಲಕ್ಷ್ಮಿಗೂ ತಪ್ಪು ಮಾಹಿತಿ ಕೊಟ್ಟ ಹಾಗಾಯ್ತಲ್ಲ. ಇಲ್ಲಿ ಬೇಕಾದಷ್ಟು ಉಂಟು ಅಂತ ಅವಳು ಬೇರೆ ಮನೆಗೆ ಹೋದರೆ?"



ಎದುರು ಮನೆಯಲ್ಲಿ ಒಬ್ಬರು ಮರಾಠಿ ಹೆಂಗಸು ಇದ್ದರು, ಎಲ್ಲರಿಗೂ ಕಾಕು, ಅಂದರೆ ಚಿಕ್ಕಮ್ಮ. ಮಧ್ಯಾಹ್ನ ಅಕ್ಕನ ಹತ್ತಿರ ಹರಟಿ, ಎದ್ದು ಹೋಗುವಾಗ ಎಲ್ಲ ಮರಾಠಿ ಹೆಂಗಸರಂತೆ "ಯೇತೇ ಹಂ" ಎನ್ನುವರು. ಬರ್ತೇನೆ ಎಂದು ಅದರ ಅರ್ಥ. ಅಕ್ಕ ಊರಿಗೆ ಹೋಗಿದ್ದಾಗ ಒಂದು ದಿನ ಕಾಕು ಭಾವನಿಗೆ ಒಂದು ಬಟ್ಟಲು ಮೊಳಕೆಕಾಳಿನ ಉಸಳಿ ತಂದುಕೊಟ್ಟು "ಯೇತೇ ಹಂ" ಎಂದು ಹೋದರು. ಬರ್ತೇನೆ ಅಂದ ಮೇಲೆ ಬಾಗಿಲು ಹಾಕುವುದು ಮರ್ಯಾದೆಯಲ್ಲ. ಭಾವ ಬಾಗಿಲು ತೆರೆದಿಟ್ಟುಕೊಂಡು ಸಂಜೆಯವರೆಗೆ ಕಾದರು. ಕಡೆಗೆ ಬಂದದ್ದು ಬೆಕ್ಕು. ಬಂದು ಹಾಲು ಕುಡಿದು, ಏನೂ ಹೇಳದೆ ಹೋಯಿತು. "ಬೆಕ್ಕೇ ವಾಸಿ" ಎಂದರು ಭಾವ.

ಅವರ ಮಗಳ ಪಾಡೂ ಅಷ್ಟೇ. ಸಣ್ಣವಳಿದ್ದಾಗ ಬಚ್ಚಲಿನೊಳಗಿಂದ "ಬಂದೆ ಪಪ್ಪಾ, ಬಂದೆ" ಎಂದು ಕೂಗಿದರೆ ಇವರು ಹೊರಗಿನಿಂದ, "ಬಂದೆ ಅನ್ನುದು ಭೂತಕಾಲ. ಬಂದಾಗಿದ್ದರೆ ಒಳಗೆ ಇರುದು ಯಾರು?" ಎನ್ನುವರು. ಮಗಳು ದೊಡ್ಡವಳಾಗುತ್ತ ಕನ್ನಡ ಕಡಿಮೆ ಮಾಡಿ ಹಿಂದಿಗೆ ಜಾರಿದಳು. ನಾನು ಗದರಿದರೆ, "ಕ್ಯಾ ಕರೂಂ ಚಿಕ್ಕಮ್ಮ, ಹಿಂದಿಯಲ್ಲಿ ಪಪ್ಪ ಸ್ವಲ್ಪ ವೀಕ್, ಅಲ್ಲಿ ನನಗೆ ಶಾಂತಿ ಉಂಟು" ಎಂದಳು.

ಮಾಟುಂಗದ ಒಂದು ಸಭಾಂಗಣದಲ್ಲಿ ದೂರದ ನೆಂಟರ ಮದುವೆ. ಹೆಣ್ಣಿನ ತಂದೆ ಪಂಕ್ತಿಯ ಮುಂದೆ ಕೈ ಮುಗಿದುಕೊಂಡು ಬಂದರು. "ಏನೋ ಬಡವರ ಮನೆ ಊಟ, ಸುಧಾರಿಸಿಕೊಳ್ಳಿ" ಎಂದರು. ಎಲ್ಲರೂ ಅಯ್ಯೋ ಹಾಗೆನ್ನಬೇಡಿ ಎಂದು ತಲೆಯಾಡಿಸುತ್ತಿದ್ದಾಗ ಭಾವ ಹೋಳಿಗೆ ಮುರಿಯುವುದನ್ನು ನಿಲ್ಲಿಸಿ, "ನೀವು ಬಡವರಲ್ಲವಲ್ಲ. ಎರಡು ಹೋಟೆಲು ಉಂಟು, ಇನ್ನೊಂದು ಥಾಣೆಯಲ್ಲಿ ಆಗ್ತಾ ಉಂಟು" ಎಂದರು. ಅಕ್ಕ ಎಲೆಯ ಮೇಲೆ ಬಗ್ಗಿದವಳು ಪಾಯಸ ಮುಗಿಯುವವರೆಗೆ ತಲೆ ಎತ್ತಲಿಲ್ಲ. ಅದೇ ಮದುವೆಯಲ್ಲಿ ಬೋರಿವಲಿಯ ಒಬ್ಬರು "ಒಮ್ಮೆ ಮನೆಗೆ ಬನ್ನಿ ಮಾರಾಯ್ರೆ" ಎಂದರು. ಮುಂಬಯಿಯಲ್ಲಿ ಇದಕ್ಕೆ 'ಇನ್ನು ಹೊರಡೋಣ' ಎಂದು ಅರ್ಥ. ಭಾವ ಮುಂದಿನ ಭಾನುವಾರ ಎರಡು ಲೋಕಲ್ ಬದಲಿಸಿ, ಒಂದು ಡಜನ್ ಬಾಳೆಹಣ್ಣು ಹಿಡಿದುಕೊಂಡು ಬೋರಿವಲಿಯ ಬಾಗಿಲಲ್ಲಿ ನಿಂತರು. ಆ ಮನೆಯವರು ಸಿನಿಮಾಕ್ಕೆ ಹೊರಟು ಚಪ್ಪಲಿ ಹಾಕಿಕೊಳ್ಳುತ್ತಿದ್ದರಂತೆ. "ನೀವಾ? ಎಂತ ವಿಶೇಷ?" ಎಂದು ಕೇಳಿದರಂತೆ.

"ನೀವು ಬನ್ನಿ ಅಂದಿರಲ್ಲ" ಎಂದರು ಭಾವ.

ಅವರು ಕೂರಿಸಿ ಚಹಾ ಕೊಟ್ಟರು. ಆದರೆ ಯಾರೂ ಚಪ್ಪಲಿ ಬಿಚ್ಚಲಿಲ್ಲ. ಇದನ್ನು ನಾವು ಎಷ್ಟೋ ಸಲ ಹೇಳಿಕೊಂಡು ನಕ್ಕಿದ್ದೇವೆ. ಬಾಳೆಹಣ್ಣನ್ನು ಅಲ್ಲಿ ಇಟ್ಟರೋ ತಂದರೋ ಎಂದು ಮಾತ್ರ ಯಾರೂ ಕೇಳಿರಲಿಲ್ಲ.

ಹೀಗೆ ಒಂದೊಂದೇ ಮನೆ ಕಡಿಮೆಯಾಗುತ್ತ ಬಂತು. ಮೊಬೈಲ್ ಬಂದ ಮೇಲೆ ಕುಟುಂಬದ ಗ್ರೂಪೊಂದಾಯಿತು. ಬೆಳಿಗ್ಗೆ ಯಾರೋ ಗುಲಾಬಿ ಹೂವಿನ ಚಿತ್ರದ ಕೆಳಗೆ 'ಎಲ್ಲರಿಗೂ ಶುಭದಿನ' ಎಂದು ಹಾಕುವರು. ಭಾವ 'ನನಗೆ ಬೆಳಿಗ್ಗೆಯಿಂದ ಹೊಟ್ಟೆನೋವು' ಎಂದು ಬರೆಯುವರು. ಇನ್ನಾರೋ 'ನಿಮ್ಮಂಥವರು ನಮಗೆ ದಾರಿದೀಪ' ಎಂದರೆ 'ಯಾವ ದಾರಿ?' ಎನ್ನುವರು. ಕೆಲವು ದಿನಗಳ ನಂತರ ಗ್ರೂಪು ತಣ್ಣಗಾಯಿತು. ಎಲ್ಲರೂ ಬಿಜಿಯಾಗಿದ್ದಾರೆ ಎಂದು ಭಾವ ತಿಳಿದುಕೊಂಡರು. ಅವರಿಲ್ಲದ ಇನ್ನೊಂದು ಗ್ರೂಪು ಆಗಿತ್ತು. ನಾನೂ ಅಕ್ಕನೂ ಅದರಲ್ಲಿದ್ದೆವು.

ಅಕ್ಕ ಮನೆಯಲ್ಲಿ ಇರುವವರೆಗೆ ಇದು ಯಾವುದೂ ಅವರಿಗೆ ತಾಗಲಿಲ್ಲ. ಜಗತ್ತಿಗೂ ಅವರಿಗೂ ನಡುವೆ ಅವಳು ದುಭಾಷಿಯಂತೆ ನಿಂತಿದ್ದಳು. ಬಂದವರಿಗೆ, "ಅವರು ಹಾಗಂದದ್ದು ಹಾಗಲ್ಲ" ಎನ್ನುವಳು. ಇವರಿಗೆ, "ಅವರು ಹಾಗಂದದ್ದು ಹಾಗಲ್ಲ" ಎನ್ನುವಳು. ವಾಕ್ಯ ಒಂದೇ, ಕೆಲಸ ಎರಡು. ಅವಳ ಮಾತನ್ನು ಯಾರು ಯಾರಿಗೆ ಬಿಡಿಸಿ ಹೇಳಬೇಕು ಎಂಬುದು ಮಾತ್ರ ಯಾರಿಗೂ ಹೊಳೆದಿರಲಿಲ್ಲ.

ಕಳೆದ ಮಳೆಗಾಲದಲ್ಲಿ ಮಗಳ ಹೆರಿಗೆಯಾಯಿತು. ಮಗಳ ಮನೆ ಡೊಂಬಿವಲಿಯಲ್ಲಿ. ಬಾಣಂತಿ ಮೂರು ಮಾಳಿಗೆ ಹತ್ತಿ ಇಳಿಯುವುದು ಬೇಡವೆಂದು ಅಕ್ಕನೇ ಅಲ್ಲಿಗೆ ಹೋದಳು. "ಎಷ್ಟು ದಿನ?" ಎಂದು ಭಾವ ಕೇಳಿದಾಗ, "ಮಗುವಿನ ಕತ್ತು ನಿಲ್ಲುವ ತನಕ" ಎಂದಿದ್ದಳು. ಮಗುವಿನ ಕತ್ತು ನಿಂತಿತು. ಮಗು ಕವುಚಿತು. ಅಂಬೆಗಾಲಿಟ್ಟು ಕುರ್ಚಿಯ ಕಾಲು ಹಿಡಿದು ಎದ್ದುನಿಂತಿತು. ಅಕ್ಕ ಬರಲಿಲ್ಲ.

ದಿನಾ ಸಂಜೆ ಭಾವ ಫೋನ್ ಮಾಡುತ್ತಿದ್ದರು.

"ಯಾವಾಗ ಬರ್ತೀ?"

"ಬರ್ತೇನೆ."

"ಸರಿ" ಎಂದು ಇಟ್ಟುಬಿಡುವರು. ಬರ್ತೇನೆ ಎಂದಿದ್ದಾಳಲ್ಲ, ಇನ್ನೇನು ಕೇಳುವುದಿದೆ?

ನಾನು ಡೊಂಬಿವಲಿಗೆ ಹೋದಾಗ ಅಕ್ಕನನ್ನು ಒಳಗೆ ಕರೆದು, ಮನೆಗೆ ಯಾಕೆ ಹೋಗಲಿಲ್ಲ ಎಂದು ಕೇಳಿದೆ. ಮಗಳ ಗಂಡನ ತಾಯಿಯೂ ಬಂದಿದ್ದರು, ಮಗುವಿಗೆ ಜನ ಇದ್ದರು. ಅಕ್ಕ ಒಣಗಿದ ಬಟ್ಟೆ ಮಡಚುತ್ತಿದ್ದಳು.

"ಅವರು ಒಂದು ಸಲ ಬಾ ಅನ್ನಲಿ."

"ದಿನಾ ಕೇಳ್ತಾರಲ್ಲ, ಯಾವಾಗ ಬರ್ತೀ ಅಂತ."

"ಯಾವಾಗ ಬರ್ತೀ ಅಂತ ಗ್ಯಾಸಿನವನಿಗೂ ಕೇಳ್ತಾರೆ." ಒಂದು ಲಂಗೋಟಿಯನ್ನು ಅಗತ್ಯಕ್ಕಿಂತ ಸಣ್ಣದಾಗಿ ಮಡಚಿದಳು. "ಇಷ್ಟು ವರ್ಷ ಎಲ್ಲರ ಮಾತನ್ನೂ ಅವರಿಗೆ ಬಿಡಿಸಿ ಹೇಳಿದೆ. ಒಂದು ದಿನ, ಇವಳು ಹೀಗಂದಳಲ್ಲ, ಯಾಕಿರಬಹುದು ಅಂತ ಅವರು ಯೋಚಿಸಿದ್ದುಂಟಾ? ನಾನು ಹುಷಾರಿಲ್ಲ ಅಂದರೆ ಮಾತ್ರೆ ತರ್ತಾರೆ. ಏನಿಲ್ಲ ಅಂದರೆ ಏನಿಲ್ಲ ಅಂತ ತಿಳ್ಕೊಳ್ತಾರೆ. ಏನಿಲ್ಲ ಅಂತ ಯಾರಾದರೂ ಸುಮ್ಮನೆ ಹೇಳ್ತಾರಾ ಮಾರಾಯ್ತಿ?"

ಇದು ಸಣ್ಣ ಸಂಗತಿಯಲ್ಲ ಎಂದು ನನಗೆ ಆಗ ಗೊತ್ತಾಯಿತು. ಅಕ್ಕ ಸಿಟ್ಟಿನಲ್ಲಿರಲಿಲ್ಲ. ಸಿಟ್ಟಿನಲ್ಲಿದ್ದರೆ ವಾಸಿಯಿತ್ತು. ದಣಿದಿದ್ದಳು.

ನಾನು ವಡಾಲಕ್ಕೆ ಹೋಗುವ ಬದಲು ನೇರ ಚೆಂಬೂರಿನಲ್ಲಿ ಇಳಿದು ಮೂರು ಮಾಳಿಗೆ ಹತ್ತಿದೆ. "ಭಾವ, ಇವತ್ತು ಫೋನ್ ಮಾಡಿದಾಗ ಯಾವಾಗ ಅಂತ ಕೇಳಬೇಡಿ. ಬಾ ಅನ್ನಿ. ಅಷ್ಟು ಸಾಕು" ಎಂದೆ. ಅವರು ಕೂಡಲೇ ಫೋನ್ ಎತ್ತಿಕೊಂಡು ಸ್ಪೀಕರ್ ಒತ್ತಿದರು. ವಿಧೇಯ ವಿದ್ಯಾರ್ಥಿಯ ಮುಖ.

"ಬಾ" ಎಂದರು.

ಆ ಕಡೆ ಅಕ್ಕ ಮೆತ್ತಗಿನ ದನಿಯಲ್ಲಿ, "ಅವಳು ಹೇಳಿಕೊಟ್ಟದ್ದಾ?" ಎಂದಳು.

ನಾನು ಕೈ ಆಡಿಸಿದೆ, ತಲೆ ಆಡಿಸಿದೆ.

"ಹೌದು. ಇಲ್ಲೇ ಕೂತಿದ್ದಾಳೆ. ಬೇಡ ಅಂತ ಕೈ ಆಡಿಸ್ತಾ ಇದ್ದಾಳೆ" ಎಂದರು ಭಾವ.

ಫೋನ್ ಕಟ್ಟಾಯಿತು. "ಲೈನ್ ಹೋಯ್ತು" ಎಂದು ನನಗೆ ಹೇಳಿದರು. ಲೈನ್ ಹೋದದ್ದಲ್ಲ ಎಂದು ಹೇಳುವ ಧೈರ್ಯ ನನಗೆ ಬರಲಿಲ್ಲ.

ಆಮೇಲೆ ಕೆಲವು ವಾರ ನಾನು ಅತ್ತ ಹೋಗಲಿಲ್ಲ. ಒಂದು ಮಧ್ಯಾಹ್ನ ಸಾಮಾನು ತರಲು ಹೊರಟವಳು ವಡಾಲ ಸ್ಟೇಷನ್ನಿನ ಸೇತುವೆ ಇಳಿಯುವಾಗ ಪ್ಲಾಟ್‌ಫಾರ್ಮಿನ ಬೆಂಚಿನಲ್ಲಿ ಭಾವ ಕುಳಿತಿದ್ದುದು ಕಂಡಿತು. ಕೈಯಲ್ಲಿ ಚೀಲವಿಲ್ಲ, ಕೊಡೆಯಿಲ್ಲ. ಗಡ್ಡ ಬೆಳೆದಿತ್ತು. ಅಂಗಿಯ ಒಂದು ಗುಂಡಿ ತಪ್ಪು ತೂತಿಗೆ ಬಿದ್ದಿತ್ತು, ಅದಕ್ಕೆ ತಕ್ಕ ಹಾಗೆ ಉಳಿದವೆಲ್ಲವೂ ತಪ್ಪಿದ್ದವು.

"ಎಲ್ಲಿಗೆ ಹೊರಟದ್ದು ಭಾವ?"

"ಎಲ್ಲಿಗೂ ಇಲ್ಲ."

"ಮತ್ತೆ ಇಲ್ಲಿ?"

"ಗಾಡಿಯಲ್ಲಿ ಕೂತುಕೊಳ್ತೇನೆ. ಸ್ವಲ್ಪ ದೂರ ಹೋಗಿ ವಾಪಸು ಬರ್ತೇನೆ." ಇದರಲ್ಲಿ ವಿಚಿತ್ರವೇನೂ ಇಲ್ಲ ಎಂಬಂತೆ ಹೇಳಿದರು. "ಒಳಗೆ ಹೇಳ್ತಾರಲ್ಲ, ಮುಂದಿನ ಸ್ಟೇಷನ್ ಚುನಾಭಟ್ಟಿ ಅಂತ. ಮರಾಠಿಯಲ್ಲಿ ಒಮ್ಮೆ, ಹಿಂದಿಯಲ್ಲಿ ಒಮ್ಮೆ, ಇಂಗ್ಲಿಷಿನಲ್ಲಿ ಒಮ್ಮೆ. ಹೇಳಿದ ಮೇಲೆ ಚುನಾಭಟ್ಟಿಯೇ ಬರ್ತದೆ. ಕೇಳ್ಲಿಕ್ಕೆ ಒಳ್ಳೆಯದಾಗ್ತದೆ. ಮನೆಯಲ್ಲಿ ಮಾತು ಇಲ್ಲ ನೋಡು."

ನನ್ನ ಮನೆ ಸ್ಟೇಷನ್ನಿನಿಂದ ನಾಲ್ಕು ಹೆಜ್ಜೆ. ಈ ಬೆಂಚಿನ ತನಕ ಬಂದು ಕೂತು ವಾಪಸು ಹೋಗುತ್ತಿದ್ದರಲ್ಲ ಎಂದು ಸಂಕಟವಾಯಿತು. "ಮನೆಗೆ ಬರಬಾರದಿತ್ತಾ? ನಾನು ಎಷ್ಟು ಸಲ ಬನ್ನಿ ಅಂದಿಲ್ಲ?"

"ಅಂದಿದ್ದೀ" ಎಂದರು ಭಾವ. "ಹಾಗೆ ಎಲ್ಲರೂ ಅನ್ನುದುಂಟಲ್ಲ. ಯಾವುದು ಬನ್ನಿ, ಯಾವುದು ಬರೀ ಬನ್ನಿ ಅಂತ ಈಗೀಗ ನನಗೆ ಗೊತ್ತಾಗುದಿಲ್ಲ. ಮೊದಲು ಅವಳು ಹೇಳ್ತಿದ್ದಳು."

ನಾನು ಅವರ ತೋಳು ಹಿಡಿದು ಎಬ್ಬಿಸಿ ಮನೆಗೆ ಕರೆದುಕೊಂಡು ಹೋದೆ. ಬನ್ನಿ ಎಂದು ಬಾಯಲ್ಲಿ ಹೇಳಲಿಲ್ಲ. ಅನ್ನ, ಬಸಳೆಯ ಪದಾರ್ಥ ಬಡಿಸಿದೆ. ಹಸಿದವರಂತೆ ಉಂಡರು. ಕೈ ತೊಳೆದು ಬಂದು ಕಿಟಕಿಯ ಪಕ್ಕ ಕುಳಿತು, ಹೊರಗೆ ನೋಡುತ್ತ ಮಾತಾಡಿದರು.

"ಮನೆಯಲ್ಲಿ ಈಗ ಎಲ್ಲ ಸ್ಪಷ್ಟ ಉಂಟು. ಎರಡು ಅರ್ಥ ಬರುವ ಒಂದು ಮಾತು ಇಲ್ಲ. ಇಷ್ಟು ವರ್ಷ ನನಗೆ ಬೇಕಾದ್ದು ಅದೇ ಆಗಿತ್ತು. ಆದರೆ ನೋಡು, ಯೋಚನೆ ಬರುದೇ ನಿಂತಿದೆ."

"ಅಂದರೆ?"

"ಕೂತರೆ ಕೂತೇ ಇರ್ತೇನೆ. ತಲೆಯಲ್ಲಿ ಏನೂ ನಡೆಯುದಿಲ್ಲ. ಮೊದಲು ಹಾಗಿರಲಿಲ್ಲ. ಅವಳು ಬೆಳಿಗ್ಗೆ ಕಾಫಿ ಇಡುವಾಗ ಹ್ಞೂಂ ಅಂತ ಒಂದು ಅನ್ನುವಳು. ಅದು ಯಾವ ಹ್ಞೂಂ ಅಂತ ನಾನು ಕಾಲೇಜು ಮುಟ್ಟುವವರೆಗೆ ಯೋಚಿಸ್ತಿದ್ದೆ. ನಿಮ್ಮ ಪಾಡು ಅಂತಲಾ, ಸರಿ ಅಂತಲಾ, ಕಾಲುನೋವು ಅಂತಲಾ. ಕೇಳಿದರೆ ಏನಿಲ್ಲ ಅನ್ನುವಳು. ಆಮೇಲೆ ಆ ಏನಿಲ್ಲವನ್ನು ಯೋಚಿಸಬೇಕು." ಕಿಟಕಿಯ ಸರಳು ಹಿಡಿದುಕೊಂಡರು. "ಯೋಚನೆ ಅನ್ನುದು ನನ್ನ ತಲೆಯೊಳಗೆ ನಾನೊಬ್ಬನೇ ಮಾಡುವ ಕೆಲಸ ಅಂತ ತಿಳ್ಕೊಂಡಿದ್ದೆ. ಅಲ್ಲ. ಅರ್ಧ ಅವಳು ಬಿಟ್ಟಿಡುತ್ತಿದ್ದಳು, ಉಳಿದರ್ಧ ನಾನು ತುಂಬಿಸ್ತಿದ್ದೆ. ಈಗ ತುಂಬಿಸ್ಲಿಕ್ಕೆ ಎಂತದೂ ಇಲ್ಲ."

"ಇದನ್ನು ಅಕ್ಕನಿಗೆ ಹೇಳಿದ್ದೀರಾ?"

"ಅವಳು ಕೇಳ್ಲಿಲ್ಲ."

ಭಾವ ಯೋಚಿಸಲೇ ಇಲ್ಲ ಎಂದು ಅಕ್ಕನ ದೂರು. ಅವಳನ್ನು ಬಿಟ್ಟು ಬೇರೇನನ್ನೂ ಯೋಚಿಸಿರಲಿಲ್ಲ ಎಂದು ಇವರ ಕತೆ. ಎರಡರ ನಡುವೆ ಕುರ್ಲಾದಲ್ಲಿ ಗಾಡಿ ಬದಲಿಸಿ ಹೋಗಬೇಕಾದಷ್ಟು ದೂರ.

ಮುಂದಿನ ಭಾನುವಾರ ಅವರನ್ನು ನಾನೇ ಡೊಂಬಿವಲಿಗೆ ಹೊರಡಿಸಿದೆ. ಗಡ್ಡ ತೆಗೆಸಿದ್ದೆ. ಗುಂಡಿ ಸರಿಮಾಡಿದ್ದೆ. ದಾರಿಯಲ್ಲಿ ಒಂದೇ ಬುದ್ಧಿ ಹೇಳಿದೆ: "ಭಾವ, ಅಲ್ಲಿ ನಾನು ಹೇಳಿಕೊಟ್ಟೆ ಅಂತ ಹೇಳಬೇಡಿ." "ನೀನು ಏನೂ ಹೇಳಿಕೊಡದಿದ್ದರೆ ಆ ಪ್ರಶ್ನೆಯೇ ಬರುದಿಲ್ಲ" ಎಂದರು. ಅದೂ ಸರಿಯೆಂದು ನಾನು ಬಾಯಿ ಮುಚ್ಚಿಕೊಂಡೆ.

ಅಕ್ಕ ಬಾಗಿಲು ತೆರೆದಳು. ಮುಖದಲ್ಲಿ ಒಂದು ಕ್ಷಣ ಬೆಳಕು ಬಂದು ಹೋಯಿತು. "ಎಂತ ಬಂದದ್ದು?" ಎಂದಳು. ಬಂದಿರಲ್ಲ ಕಡೆಗೂ, ಒಳಗೆ ಬನ್ನಿ, ಎಷ್ಟು ಇಳಿದು ಹೋಗಿದ್ದೀರಿ, ಎಲ್ಲವೂ ಆ ಎರಡು ಶಬ್ದದಲ್ಲಿತ್ತು. ಭಾವ ನಿಂತಲ್ಲೇ ಯೋಚಿಸಿದರು. ಎಂತ ಎಂದರೆ ಯಾವ ಉದ್ದೇಶಕ್ಕೆ ಎಂದು.

"ಮಗುವನ್ನು ನೋಡ್ಲಿಕ್ಕೆ" ಎಂದರು.

ಅಕ್ಕ ಬದಿಗೆ ಸರಿದು ದಾರಿ ಬಿಟ್ಟಳು. ಮಗುವನ್ನು ತಂದು ಅವರ ತೊಡೆಯ ಮೇಲೆ ಇಟ್ಟಳು. ಭಾವ ಮಗುವಿನ ಜೊತೆ ಗಂಭೀರವಾಗಿ ಕುಳಿತರು. ಅದು 'ಬ್ಬ ಬ್ಬ' ಎಂದರೆ ಇವರೂ 'ಬ್ಬ ಬ್ಬ' ಎಂದರು. ಯಾವ ಅರ್ಥ ಎಂದು ಕೇಳಲಿಲ್ಲ. ಅಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತು ಅದನ್ನೇ ನೋಡುತ್ತಿದ್ದುದನ್ನು ನಾನು ನೋಡಿದೆ. ಉಪ್ಪಿಟ್ಟು ಬಡಿಸುವಾಗ ಇವರ ತಟ್ಟೆಗೆ ಇನ್ನೊಂದು ಸಟ್ಟುಗ ಹೆಚ್ಚು ಬಿತ್ತು. ನಾಲ್ಕು ಗಂಟೆಯ ಚಹಾ ಆಯಿತು. ಅಕ್ಕ ಲೋಟ ಎತ್ತುತ್ತ, ಯಾರ ಮುಖವನ್ನೂ ನೋಡದೆ, "ಇನ್ನು ಹೊರಡಿ. ಆಮೇಲೆ ಗಾಡಿಯಲ್ಲಿ ರಶ್ಶು" ಎಂದಳು.

ಭಾವ ಮಗುವನ್ನು ಕೆಳಗಿಳಿಸಿ ಎದ್ದುನಿಂತರು. ಕರೆದುಕೊಂಡು ಹೋಗುತ್ತೇನೆ ಎನ್ನಲಿ, ಇವತ್ತು ಇಲ್ಲೇ ಇರುತ್ತೇನೆ ಎನ್ನಲಿ, ಕನಿಷ್ಠ ಇನ್ನೊಂದು ಚಹಾ ಕೇಳಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಅವರು ಚಪ್ಪಲಿ ಹಾಕಿಕೊಂಡರು. ಅಕ್ಕ ಲೋಟ ಹಿಡಿದುಕೊಂಡು ಒಳಗೆ ಹೋದಳು. ಬಾಗಿಲ ತನಕ ಬರಲಿಲ್ಲ.

ಗಾಡಿ ಖಾಲಿಯಾಗಿತ್ತು. ರಶ್ಶು ಇರಲೇ ಇಲ್ಲ. ಭಾವ ಕಿಟಕಿಯ ಪಕ್ಕ, ನಾನು ಎದುರು.

"ಅವಳು ಹೊರಡಿ ಅಂದಳಲ್ಲ" ಎಂದರು, ಗಾಡಿ ಮುಂಬ್ರಾ ದಾಟಿದ ಮೇಲೆ.

"ಹ್ಞೂಂ."

"ಅದು ಹೊರಡಿ ಅಂತಲಾ?"

ಆ ಮನುಷ್ಯ ತನ್ನ ಆಯುಷ್ಯದಲ್ಲಿ ಇಂಥ ಪ್ರಶ್ನೆ ಕೇಳಿದ್ದು ಅದೇ ಮೊದಲು. ನನಗೆ ನಗು ಬರಬೇಕಿತ್ತು.

"ಅಲ್ಲ ಭಾವ."

ತಲೆಯಾಡಿಸಿದರು. ಕುರ್ಲಾ ಬರುವವರೆಗೆ ತಮ್ಮ ಎರಡು ಅಂಗೈಗಳನ್ನು ನೋಡುತ್ತ ಕುಳಿತಿದ್ದರು. ಮುಂದಿನ ಸ್ಟೇಷನ್ ಕುರ್ಲಾ ಎಂದು ಗಾಡಿ ಹೇಳಿದ್ದು ಅವರಿಗೆ ಕೇಳಿಸಲೇ ಇಲ್ಲ. ನಾನು ಎಬ್ಬಿಸಿ ಇಳಿಸಬೇಕಾಯಿತು.

ಅದಾಗಿ ಸ್ವಲ್ಪ ದಿನಗಳ ಮೇಲೆ ಒಂದು ಬೆಳಿಗ್ಗೆ ಚೆಂಬೂರಿಗೆ ಹೋಗಿದ್ದೆ. ಭಾವ ಅಡುಗೆಮನೆಯಲ್ಲಿದ್ದರು. ಅಮ್ಮ ಅಂದೇ ತಿಳಿದುಕೊಂಡಿದ್ದಂತೆ ಕಡೆಗೂ ಅಡಿಗೆಯವರೇ ಆಗಿದ್ದರು. ಬೇಳೆ ಬೆಂದಿತ್ತು, ಟೊಮೆಟೊ ಹಾಕಿದ ಸಾರು ಒಲೆಯ ಮೇಲೆ ಕುದಿಯಲು ಸುರುವಾಗಿತ್ತು. ಒಗ್ಗರಣೆ ಸೌಟು ಬಿಸಿಯಾಗುತ್ತಿತ್ತು. ಅವರ ಎಡಗೈಯಲ್ಲಿ ಜೀರಿಗೆಯ ಡಬ್ಬ, ಮುಚ್ಚಳ ತೆಗೆದದ್ದು. ಒಂದು ಚಿಟಿಕೆ ಎತ್ತಿದವರು ಹಾಗೇ ನಿಂತರು. ಚಿಟಿಕೆಯನ್ನು ಮತ್ತೆ ಡಬ್ಬಕ್ಕೆ ಬಿಟ್ಟರು. ಒಲೆ ಆರಿಸಿದರು. ಫೋನನ್ನು ಕಟ್ಟೆಯ ಮೇಲಿಟ್ಟು ಸ್ಪೀಕರ್ ಒತ್ತಿ ಅಕ್ಕನಿಗೆ ಕರೆ ಮಾಡಿದರು.

"ಜೀರಿಗೆ ಎಲ್ಲಿ ಇಟ್ಟಿದ್ದೀ?" ಎಂದು ಕೇಳಿದರು.

ನಾನು ಅವರ ಕೈಯನ್ನು ನೋಡಿದೆ. ಅವರು ನನ್ನನ್ನು ನೋಡಲಿಲ್ಲ.

ಆ ಕಡೆ ಮಗುವಿನ ಸದ್ದು, ಕುಕ್ಕರಿನ ಸೀಟಿ. ಅವಳೇನು ದಡ್ಡಿಯೇ? ಮಳೆಗಾಲ ಹೋಗಿ, ಚಳಿ ಬಂದು ಹೋಗಿ, ಸೆಕೆ ಸುರುವಾಗಿತ್ತು.

"ಇಷ್ಟು ದಿನ ಎಂತ ಮಾಡ್ತಿದ್ದಿರಿ ಮತ್ತೆ?" ಎಂದಳು.

ಈಗ ಇವರು ನಿಜ ಹೇಳುತ್ತಾರೆ. ಡಬ್ಬ ಕೈಯಲ್ಲೇ ಉಂಟು, ಕಾಲುಭಾಗ ಖಾಲಿಯಾಗಿದೆ, ಕಳೆದ ವಾರ ಬಿಸಿಲಿಗೆ ಇಟ್ಟಿದ್ದೆ ಎಂದು ಸುರುಮಾಡುತ್ತಾರೆ. ಭಾವ ಡಬ್ಬವನ್ನು ನೋಡಿದರು.

"ಸಿಕ್ಕುದಿಲ್ಲ" ಎಂದರು.

ಆ ಕಡೆಯಿಂದ ಅಕ್ಕ ಮೂಗೆಳೆದುಕೊಂಡ ಸದ್ದು ಬಂತು.

"ನಡುವಿನ ಹಲಗೆಯಲ್ಲಿ ಉಂಟು, ಮೆಂತೆಯ ಪಕ್ಕ" ಎಂದಳು. "ಬಿಡಿ. ನಿಮಗೆ ಸಿಕ್ಕುದಿಲ್ಲ ಅದು. ನಾನೇ ಬಂದು ತೆಗೆದುಕೊಡ್ತೇನೆ."

ಯಾವಾಗ ಎಂದು ಭಾವ ಕೇಳಲಿಲ್ಲ. "ಹ್ಞೂಂ" ಎಂದರು, ಅಷ್ಟೆ. ಫೋನ್ ಇಟ್ಟ ಮೇಲೆ ಡಬ್ಬದ ಮುಚ್ಚಳವನ್ನು ಬಿಗಿಯಾಗಿ ಹಾಕಿದರು. ಕಪಾಟಿನ ಬಾಗಿಲು ತೆರೆದು ಮೆಂತೆಯ ಡಬ್ಬ, ಸಾಸಿವೆಯ ಡಬ್ಬ, ಹುಣಸೆಹಣ್ಣಿನ ಭರಣಿ ಎಲ್ಲವನ್ನೂ ಮುಂದಕ್ಕೆ ಸರಿಸಿ, ಜೀರಿಗೆಯನ್ನು ಅವುಗಳ ಹಿಂದೆ, ಗೋಡೆಗೆ ತಾಗಿಸಿ, ಸುಲಭಕ್ಕೆ ಯಾರಿಗೂ ಕಾಣದ ಹಾಗೆ ಇಟ್ಟರು.

ಅಂದಿನ ಸಾರಿಗೆ ಜೀರಿಗೆ ಇರಲಿಲ್ಲ. ಇಬ್ಬರೂ ಅದನ್ನೇ ಅನ್ನಕ್ಕೆ ಕಲಸಿ ಉಂಡೆವು.